ಎಮ್ಮೆಯ ಬಾಲ ಹಿಡಿದು ಬಂದವಳು

ಕೃಷ್ಣಾ ಹೊಳೆಯ ದಂಡೆಯಲ್ಲಿ, ಐನಾಪುರದಿಂದ ಒಂದು ಹರದಾರಿ ದೂರದ ಊರೊಂದರಲ್ಲಿ, 1988ರ ಶ್ರಾವಣದಲ್ಲಿ ಒಂದು ಎಮ್ಮೆಗೆ ಸಾರ್ವಜನಿಕ ಸತ್ಕಾರ ನಡೆಯಿತು. ಎಮ್ಮೆಗೆ ಶಾಲು ಹೊದಿಸಿದರು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು, ಶೇಡಬಾಳದಿಂದ ಬ್ಯಾಂಡಿನವರನ್ನು ಕರೆಸಿದರು. ಎಮ್ಮೆ ತನ್ನ ಹಾರವನ್ನು ತಾನೇ ತಿಂದಿತು. ಅದರ ಪಕ್ಕದಲ್ಲಿ ಒಂದು ಕಬ್ಬಿಣದ ಕುರ್ಚಿ ಹಾಕಿ ಹದಿನಾರು ವರ್ಷದ ಹುಡುಗಿಯೊಬ್ಬಳನ್ನು ಕೂಡಿಸಿದ್ದರು. ಅವಳಿಗೆ ಶಾಲೂ ಇಲ್ಲ, ಹಾರವೂ ಇಲ್ಲ. ಹೆಸರು ಚನ್ನವ್ವ. ಎಮ್ಮೆ ಉಳಿಸಿದ್ದು ಯಾರನ್ನು ಎಂದು ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸಲು ಅವಳು ಬೇಕಾಗಿದ್ದಳು, ಅಷ್ಟೇ.

ಈ ಚನ್ನವ್ವ ಲಗಮಣ್ಣ ಮತ್ತು ರುಕ್ಮವ್ವನ ಒಬ್ಬಳೇ ಮಗಳು. ಮನೆಗೆ ಒಂದೂವರೆ ಎಕರೆ ಹೊಲ. ಹತ್ತನೇ ಇಯತ್ತೆಯಲ್ಲಿ ಗಣಿತ ಕೈಕೊಟ್ಟಿತು, ಹುಡುಗಿ ಕುರ್ಪಿ ಹಿಡಿದು ಪರರ ಹೊಲಕ್ಕೆ ಕಳೆ ತೆಗೆಯಲು ಹೊರಟಳು. ಆ ಸಲ ಹೊಳೆಗೆ ನೆರೆ ಬಂದ ದಿನ ಅವಳು ಹೋದದ್ದು ತಾತ್ಯಾಸಾಹೇಬರ ಕಬ್ಬಿಗೆ. ಊರಿನಲ್ಲಿ ಕಬ್ಬು ಅವರದೇ, ದ್ರಾಕ್ಷಿ ಅವರದೇ, ಬೆಲ್ಲದ ಗಾಣವೂ ಅವರದೇ. ಹೊಳೆ ನಡುವಿನ ಗಡ್ಡೆಯ ಮೇಲೆ ಆರು ಎಕರೆ ಇತ್ತು, ಅಂದಿನ ಕಳೆ ಅಲ್ಲಿಯದೇ. ತಾತ್ಯಾಸಾಹೇಬರು ಕೆಟ್ಟ ಮನುಷ್ಯರೇನಲ್ಲ. ಅವಸರದ ಮನುಷ್ಯರು, ಮತ್ತು ಅವರ ಅವಸರದ ಫಲವನ್ನು ಯಾವಾಗಲೂ ಬೇರೆಯವರೇ ಉಣ್ಣುತ್ತಿದ್ದರು.

ಮಧ್ಯಾಹ್ನ ಮೇಲಿನ ಸೀಮೆಯ ಮಳೆಯ ನೀರು ಒಮ್ಮೆಲೇ ಬಂತು. ಗಡ್ಡೆ ಕಣ್ಣೆದುರೇ ಕಿರಿದಾಗತೊಡಗಿತು. ದೋಣಿಯವನು ಕೋರ್ಟಿನ ತಾರೀಕಿಗೆಂದು ಅಥಣಿಗೆ ಹೋಗಿದ್ದ. ಇಂಥ ಹೊತ್ತಿನಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೇ ನೀರಿಗಿಳಿಸಿ ದೋಣಿ ಮಾಡಿಕೊಳ್ಳುವುದು ಈ ಕಡೆಯವರ ಹಳೆಯ ರೂಢಿ. ಅಗಲ ಬಾಯಿ, ಚಪ್ಪಟೆ ತಳ. ನಾಲ್ಕು ಜನ ಅಲುಗಾಡದೆ ಕುಳಿತರೆ ದಾಟಿಸುತ್ತದೆ. ಆಳು ಭರಮು ಒಂದು ಕೊಪ್ಪರಿಗೆ ತಂದ. ಹೆಣ್ಣುಮಕ್ಕಳು ಆರು ಮಂದಿ. ಎರಡು ಖೇಪಿನಲ್ಲಿ ದಾಟಿಸಬಹುದಿತ್ತು. ಆದರೆ ಎರಡನೇ ಖೇಪನ್ನು, ಗಡ್ಡೆಯಲ್ಲೇ ಇದ್ದ ತಾತ್ಯಾಸಾಹೇಬರು ನೀರೆತ್ತುವ ಇಂಜಿನ್ನಿಗೆ ಇಟ್ಟಿದ್ದರು.

"ತಾತ್ಯಾ, ಏಳ ಮಂದಿ ಆಗತೈತ್ರಿ," ಎಂದ ಭರಮು, ತನ್ನನ್ನೂ ಸೇರಿಸಿ ಎಣಿಸಿ.

"ನೂರ ಕೊಡ ಕಬ್ಬಿನ ಹಾಲ ಹಿಡಸತೈತಿ ಅದರಾಗ. ಇವರ ಹಿಡಸಂಗಿಲ್ಲೇನು? ಕುಂಡ್ರ್ರಿ ಬೇ, ಲಗೂ ಕುಂಡ್ರ್ರಿ!"

ಕಬ್ಬಿನ ಹಾಲಿಗೆ ಅಂಜಿಕೆ ಇರುವುದಿಲ್ಲ, ಅದು ಎದ್ದು ನಿಲ್ಲುವುದಿಲ್ಲ. ನಡುಹೊಳೆಯಲ್ಲಿ ಕೊಪ್ಪರಿಗೆ ಗರಗರ ತಿರುಗಿದಾಗ ಒಬ್ಬಳು ಎದ್ದು ನಿಂತಳು. ಅಲ್ಲಿಗೆ ಮುಗಿಯಿತು. ಭರಮುವೂ ನಾಲ್ವರು ಹೆಂಗಸರೂ ನೀರಲ್ಲಿ ಮುಳುಗಿ ನಿಂತಿದ್ದ ಜಾಲಿಮರಗಳ ಟೊಂಗೆಗೆ ಸಿಕ್ಕಿಕೊಂಡು ಉಳಿದರು. ಚನ್ನವ್ವ ಮತ್ತು ಸುಂದರಾ ಸೆಳವಿಗೆ ಹೋದರು.

ಸುಂದರಾ ಎಂದರೆ ಊರ ಹೊರಗಿನ ಕೇರಿಯ ದ್ರೌಪದಿಯ ಮಗಳು. ಗಂಡ ಸತ್ತ ದ್ರೌಪದಿಗೆ ಇದ್ದದ್ದು ಅವಳೊಬ್ಬಳೇ. ಚನ್ನವ್ವನಿಗಿಂತ ಒಂದು ವರ್ಷ ದೊಡ್ಡವಳು, ಕಳೆ ತೆಗೆಯುವಾಗ ಯಾವಾಗಲೂ ಪಕ್ಕದ ಸಾಲಿನವಳು.

ಅರ್ಧ ತಾಸಿನ ಮೇಲೆ ಒಂದು ಮೈಲಿ ಕೆಳಗೆ, ಕೆಸರಿನಲ್ಲಿ, ಚನ್ನವ್ವ ಸಿಕ್ಕಳು. ಅವಳ ಕೈಯಲ್ಲಿ ಎಮ್ಮೆಯ ಬಾಲವಿತ್ತು. ಗಡ್ಡೆಯ ಮೇಲೆ ಮೇಯಲು ಹೋಗಿದ್ದ ತಾತ್ಯಾಸಾಹೇಬರ ಚಂದ್ರಿ ಎಂಬ ಎಮ್ಮೆ, ನೀರು ಏರಿದ್ದು ಕಂಡು, ಯಾರ ಅಪ್ಪಣೆಗೂ ಕಾಯದೆ ಮನೆಗೆ ಹೊರಟಿತ್ತು. ಎಮ್ಮೆಯ ಬಾಲ ಹಿಡಿದು ಹೊಳೆ ದಾಟುವುದು ಅಲ್ಲಿ ದನ ಕಾಯುವವರು ದಿನಾ ಮಾಡುವ ಕೆಲಸ. ಸುಂದರಾಳ ಹೆಣ ಮೂರನೆಯ ದಿನ ಸಿಕ್ಕಿತು. ತಾತ್ಯಾಸಾಹೇಬರನ್ನೂ ಅವರ ಇಂಜಿನ್ನನ್ನೂ ಮರುದಿನ ಬೆಳಿಗ್ಗೆ ಬೇರೆ ಊರಿನ ದೋಣಿಯೊಂದು ಸುಖರೂಪವಾಗಿ ದಡ ಸೇರಿಸಿತು.

ಮೂರು ದಿನ ಊರಿನಲ್ಲಿ ಒಂದೇ ಪ್ರಶ್ನೆ: ನಾಲ್ಕು ಜನರ ಕೊಪ್ಪರಿಗೆಯಲ್ಲಿ ಏಳು ಜನರನ್ನು ಕೂಡಿಸಿದವರು ಯಾರು? ನಾಲ್ಕನೆಯ ದಿನ ಶಾಲೆಯ ಜ್ಞಾನದೇವ ಮಾಸ್ತರರು ತಾತ್ಯಾಸಾಹೇಬರ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, "ಒಂದ ಮೂಕಪ್ರಾಣಿ ಮನಷ್ಯಾರ ಜೀಂವಾ ಉಳಸೇತಿ ಅಂದ್ರ ಸಣ್ಣ ಮಾತಲ್ರಿ ತಾತ್ಯಾ," ಎಂದರು. ಐದನೆಯ ದಿನದಿಂದ ಊರಿನಲ್ಲಿ ಬರೀ ಎಮ್ಮೆಯ ಮಾತು. ಎತ್ತು ಈದಿದೆ ಎಂದರೆ ಕರು ಕಟ್ಟು ಎನ್ನುವ ಜನಕ್ಕೆ ಎಮ್ಮೆ ದೇವರಾಗುವುದು ಏನು ಮಹಾ? ನಿಪ್ಪಾಣಿ ಕಡೆಯ ಒಂದು ಪತ್ರಿಕೆಯಲ್ಲಿ ಚಂದ್ರಿಯ ಫೋಟೋ ಬಂತು. ಅದರಲ್ಲಿ ಚನ್ನವ್ವನದು ಮೊಣಕೈ ಮಾತ್ರ ಬಿದ್ದಿತ್ತು. ಮುಳುಗಿಸಿದ ಕೊಪ್ಪರಿಗೆ ಯಾರದೆಂದು ಕೇಳುವುದನ್ನು ಜನ ಬಿಟ್ಟರು. ಉಳಿಸಿದ ಎಮ್ಮೆ ಯಾರದೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಇತ್ತ ಚನ್ನವ್ವ ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಟ್ಟಳು. ಕೊರಳ ಕೆಳಗೆ ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳುವಳು, ಮೇಲೆ ಒಂದು ಹನಿ ಬಿದ್ದರೆ ಉಸಿರು ಸಿಕ್ಕಿಕೊಳ್ಳುವುದು. ಯಾರಾದರೂ ಹಂಡೆಗೆ ಕೊಡ ಬಗ್ಗಿಸಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುವಳು. ಮಾತು ಕೇಳಿದರೆ ಉತ್ತರ ಕೊಡುತ್ತಿದ್ದಳು, ತಾನಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ತಾಯಿ ರುಕ್ಮವ್ವ ಮಗಳ ಗಂಟುಕಟ್ಟಿದ ಕೂದಲು ಬಿಡಿಸುತ್ತ ಕೂತಲ್ಲೇ ಅಳುವಳು. ಮದ್ದು ಹೇಳಲು ಬಾರದವರು ಊರಲ್ಲಿ ಯಾರೂ ಇರಲಿಲ್ಲ. ಒಬ್ಬರು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗದ್ದಿ, ಅಂಜಿಕೆ ಹೋಗಲೆಂದು ಆ ನೀರು ಕುಡಿಸಿದರು. ನೀರಿಗೆ ಹೆದರಿದವಳಿಗೆ ನೀರೇ ಔಷಧ! ಇನ್ನೊಬ್ಬರು ತಾಯಿತ ಕಟ್ಟಿದರು. ಸತ್ತೆವ್ವ ಎಂಬ ಮುದುಕಿ ಹೊಳೆಯ ದಂಡೆಗೇ ಕರೆದೊಯ್ದು ಬೆನ್ನಿಗೆ ಗುದ್ದಿದಳು. ಮಿರಜಿನ ಡಾಕ್ಟರರೊಬ್ಬರು ನಾಲಿಗೆ ನೋಡಿ, ಕಣ್ಣು ನೋಡಿ, "ಮೈಯಾಗ ಏನೂ ಇಲ್ಲ, ಅಶಕ್ತಿ ಐತಿ. ಎಮ್ಮಿ ಹಾಲ ಕುಡಸ್ರಿ," ಎಂದರು.

ಈ ಸುದ್ದಿ ತಾತ್ಯಾಸಾಹೇಬರ ಕಿವಿಗೆ ಬಿತ್ತು. ಮರುದಿನದಿಂದ ಚಂದ್ರಿಯದೇ ಹಾಲು, ದಿನಾ ಒಂದು ತಂಬಿಗೆ, ಧರ್ಮಾರ್ಥ. ಹಾಲಿನ ವಾಸನೆ ಬಂದರೆ ಸಾಕು, ಚನ್ನವ್ವನ ಮೂಗಿನೊಳಗೆ ಒದ್ದೆ ತೊಗಲಿನ, ಕೆಸರಿನ ವಾಸನೆ ಏಳುತ್ತಿತ್ತು. ಕುಡಿದಷ್ಟೂ ಕಾರುತ್ತಿದ್ದಳು. "ಪುಣ್ಯದ ಹಾಲು, ಪಾಪ ಹೊರಗ ಹಾಕಾಕತ್ತೈತಿ," ಎಂದು ಜನ ಸಮಾಧಾನ ಹೇಳಿದರು.

ಪಾಪ ಎಂಬ ಮಾತು ಬಂದಾಗಲೆಲ್ಲ ಚನ್ನವ್ವ ತಾಯಿಯ ಮುಖ ನೋಡುತ್ತಿದ್ದಳು. ತಾಯಿಗಾದರೂ ಗೊತ್ತಾಗಿದೆಯೇ?

ಏಕೆಂದರೆ ಬಾಲ ಮೊದಲು ಸಿಕ್ಕದ್ದು ಅವಳಿಗಲ್ಲ. ಆ ಬಾಲವನ್ನು ಮೊದಲು ಹಿಡಿದವಳು ಸುಂದರಾ. ಹಿಡಿದವಳು ಹೊರಳಿ ನೋಡಿದಳು, ಚನ್ನವ್ವನ ರಟ್ಟೆಗೆ ಕೈ ಹಾಕಿ ಎಳೆದಳು, ಬಾಲವನ್ನು ಅವಳ ಕೈಗೆ ಕೊಟ್ಟಳು. "ಹಿಡಿ ಚನ್ನಿ, ಬಿಡಬ್ಯಾಡ," ಎಂದಳು. ಇಷ್ಟು ನಿಜ. ಇದರ ನಂತರದ್ದೂ ಒಂದಿತ್ತು. ಅದನ್ನು ಚನ್ನವ್ವ ತನಗೆ ತಾನೇ ಹೇಳಿಕೊಳ್ಳಲೂ ಅಂಜುತ್ತಿದ್ದಳು. ಇದನ್ನು ಕೇಳಬೇಕಾದವಳು ಊರಲ್ಲಿ ಒಬ್ಬಳೇ, ದ್ರೌಪದಿ. ದ್ರೌಪದಿ ಎದುರಿಗೆ ಬಂದರೆ ಚನ್ನವ್ವ ದಾರಿ ಬದಲಿಸುತ್ತಿದ್ದಳು.

ಏನಾಯಿತು ಎಂದು ಅವಳನ್ನು ಯಾರೂ ಕೇಳಲಿಲ್ಲ. ಏನಾಯಿತು ಎಂದು ಎಲ್ಲರೂ ಅವಳಿಗೇ ಹೇಳಿದರು. ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಚಂದ್ರಿಯ ಸತ್ಕಾರ ಎಂದು ಪಂಚರು ಗೊತ್ತುಮಾಡಿದರು. ಎರಡನೆಯ ವರ್ಷದ ಸತ್ಕಾರಕ್ಕೆ ಜ್ಞಾನದೇವ ಮಾಸ್ತರರು ಚನ್ನವ್ವನಿಗೊಂದು ಭಾಷಣ ಬರೆದುಕೊಟ್ಟರು. ಆಕಳಾಗಿದ್ದರೆ ಪುರಾಣದಿಂದ ಬೇಕಾದಷ್ಟು ಎತ್ತಬಹುದಿತ್ತು. ಎಮ್ಮೆಯ ವಿಷಯಕ್ಕೆ ಪುರಾಣ ತೆರೆದರೆ ಸಿಗುವುದು ಯಮನ ಕೋಣ ಮತ್ತು ದೇವಿ ಕೊಂದ ಮಹಿಷಾಸುರ, ಎರಡೂ ಸಮಾರಂಭಕ್ಕೆ ಹೊಂದುವವಲ್ಲ. ಮಾಸ್ತರರು ಎರಡು ರಾತ್ರಿ ಒದ್ದಾಡಿ, "ಓ ಕರಿಯ ಮಾತೆಯೇ" ಎಂದು ಆರಂಭಿಸಿದರು. ಚನ್ನವ್ವ ಬಾಯಿಪಾಠ ಮಾಡಿ ಒಪ್ಪಿಸಿದಳು. ಗಣಿತಕ್ಕಿಂತ ಸುಲಭವಿತ್ತು. ಅದರಲ್ಲಿ ಸುಂದರಾಳ ಹೆಸರು ಒಂದು ಸಲವೂ ಇರಲಿಲ್ಲ. "ನನ್ನ ಜೊತೆಯ ಓರ್ವ ಕೂಲಿಕಾರಳು ದುರ್ದೈವದಿಂದ" ಎಂದಿತ್ತು. ಭಾಷಣ ಮುಗಿದಾಗ ಜನ ಚಪ್ಪಾಳೆ ತಟ್ಟಿದರು, ಚಂದ್ರಿ ಸಗಣಿ ಹಾಕಿತು, ಅದನ್ನೂ ಕೆಲವರು ಶುಭವೆಂದರು.

ಹೊಳೆಯಲ್ಲಿ ತೇಲಿಹೋಗಿದ್ದ ಕೊಪ್ಪರಿಗೆಯನ್ನು ಹುಡುಕಿ ತಂದು, ತಿಕ್ಕಿ ತೊಳೆದು, ಅದೇ ಹಂಗಾಮಿನಲ್ಲಿ ಬೆಲ್ಲಕ್ಕೆ ಹಚ್ಚಿದ್ದರು. ಆ ಬೆಲ್ಲದ ಒಂದು ಪೆಂಟೆ ಲಗಮಣ್ಣನ ಮನೆಗೂ ಬಂತು. ಸಿಹಿಯಾಗಿಯೇ ಇತ್ತೆಂದು ಲಗಮಣ್ಣ ಹೇಳಿದ.

ಹೀಗೆ ಮೂರು ವರ್ಷವಾಯಿತು. 1991ರ ಸತ್ಕಾರ ಹಿಂದಿನವುಗಳಂತಲ್ಲ. ಹೊಳೆಯ ದಂಡೆಯಲ್ಲಿ ಚಂದ್ರಿಯ ಹೆಸರಿನಲ್ಲಿ ಗುಡಿ ಕಟ್ಟುವುದು, ಅದಕ್ಕೆ ಅಂದೇ ಅಡಿಗಲ್ಲು ಎಂದಾಗಿತ್ತು. ಚನ್ನವ್ವನಿಗೂ ಅಂದು ದೊಡ್ಡ ದಿನ. ರಾಯಬಾಗ ಕಡೆಯಿಂದ ವರನ ಕಡೆಯವರು ಬಂದಿದ್ದರು. ಎಮ್ಮೆ ಉಳಿಸಿದ ಹುಡುಗಿಗೆ ದೈವಬಲ ಇರುತ್ತದೆಂದು ಯಾರೋ ಅವರಿಗೆ ಹೇಳಿದ್ದರು. ಹುಡುಗಿ ತಲೆಗೆ ನೀರು ಹಾಕಿಕೊಳ್ಳುವುದಿಲ್ಲ ಎಂಬುದನ್ನು ಯಾರೂ ಹೇಳಿರಲಿಲ್ಲ.

"ಚಂದಂಗಿ ಭಾಷಣಾ ಮಾಡವ್ವಾ," ಎಂದಳು ರುಕ್ಮವ್ವ, ಮಗಳ ಸೆರಗು ಸರಿಮಾಡುತ್ತ. "ನಿಂದೊಂದ ದಡಕ್ಕ ಹತ್ತಿದ್ರ ನಾ ಕಣ್ಣ ಮುಚ್ಚತೀನಿ."

ಆಗ ತಾತ್ಯಾಸಾಹೇಬರಿಗೆ ಒಂದು ದೊಡ್ಡ ಮನಸ್ಸು ಬಂತು. ಕೇರಿಯಿಂದ ದ್ರೌಪದಿಯನ್ನು ಕರೆಸಿದರು, ಅವಳಿಗೊಂದು ಹೊಸ ಸೀರೆ ಕೊಟ್ಟರು, "ಈ ಸಲ ಮೊದಲನೇ ಮಾಲಿ ದ್ರೌಪದೀನ ಹಾಕಲಿ. ನಮ್ಮ ಊರಾಗ ಭೇದ ಇಲ್ಲ," ಎಂದು ಮೈಕಿನಲ್ಲೇ ಸಾರಿದರು. ಜನ ಮೆಚ್ಚಿ ತಲೆದೂಗಿದರು. ದ್ರೌಪದಿ ಹಾರ ಹಿಡಿದುಕೊಂಡು ಬಂದು ಎಮ್ಮೆಯ ಮುಂದೆ ನಿಂತಳು. ಮೂರು ವರ್ಷದಲ್ಲಿ ಅವಳ ಬೆನ್ನು ಬಾಗಿತ್ತು. ಎಮ್ಮೆ ಅವಳ ಕೈಯ ಹೂವಿಗೆ ಮುಖ ಚಾಚಿತು.

"ನಮಸ್ಕಾರ ಮಾಡು, ದ್ರೌಪದಿ," ಎಂದರು ಮಾಸ್ತರರು.

ಮಗಳನ್ನು ಕಳೆದುಕೊಂಡವಳು ಎಮ್ಮೆಗೆ ಕೈ ಮುಗಿಯಲು ಬಾಗಿದಳು. ಅದನ್ನು ನೋಡಿದ ಚನ್ನವ್ವನಿಗೆ ಹೊಟ್ಟೆಯೊಳಗಿನಿಂದ ಎಂಥದೋ ಉಕ್ಕಿ ಬಂತು. ಹಾಲು ಕಾರುವಾಗ ಬರುತ್ತಿದ್ದಂತೆಯೇ ಬಂತು, ಈ ಸಲ ಹೊರಬಿದ್ದದ್ದು ಮಾತು.

"ಮಾವಶೀ, ಬಾಗಬ್ಯಾಡ! ಎಮ್ಮಿ ಉಳಸಲಿಲ್ಲ ನನ್ನ. ಎಮ್ಮಿ ತನ್ನ ಮನಿಗೆ ತಾ ಹೊಂಟಿತ್ತು. ಬಾಲಾ ಹಿಡದಾಕಿ ಸುಂದರಾ. ಅಕೀನ ನನ್ನ ಕೈಯಾಗ ಕೊಟ್ಟಳು. ಮತ್ತ ಆ ಕೊಪ್ಪರಿಗ್ಯಾಗ ಏಳ ಮಂದಿ ಕುಂತಿದ್ವಿ, ಇಂಜಿನ್ನಿಗೆ ಜಾಗಾ ಬೇಕಂತ!"

ಮೈಕು ಚಾಲೂ ಇತ್ತು. ಮಾತು ಹೊಳೆಯ ಆಚೆ ದಂಡೆಯವರೆಗೆ ಕೇಳಿಸಿತು. ಭರಮು ಮುಖ ತಗ್ಗಿಸಿದ. ಕೊಪ್ಪರಿಗೆಯ ವಿಷಯ ಸಭೆಯಲ್ಲಿದ್ದವರಿಗೆಲ್ಲ ಗೊತ್ತಿದ್ದದ್ದೇ. ಮಾಸ್ತರರು ಬ್ಯಾಂಡಿನವರತ್ತ ಕೈಬೀಸಿದರು. ಬ್ಯಾಂಡು ಜೋರಾಗಿ ಬಾರಿಸಿತು. "ಹುಡಗೀಗೆ ಮತ್ತ ಅಂಜಿಕಿ ಹೊಳ್ಳಿ ಬಂದೈತಿ, ಮಿರಜಿಗೆ ಕರಕೊಂಡ ಹೋಗ್ರಿ," ಎಂದರು ತಾತ್ಯಾಸಾಹೇಬರು, ಬಹಳ ಕನಿಕರದಿಂದ. ಎರಡು ವರ್ಷ ಬಾಯಿಪಾಠ ಒಪ್ಪಿಸಿದಾಗ ಹುಡುಗಿ ನೆಟ್ಟಗಿದ್ದಳು. ನಿಜ ಹೇಳಿದ ದಿನ ಅವಳಿಗೆ ರೋಗ ಹಿಡಿಯಿತು. ರಾಯಬಾಗದವರು ಹೋಳಿಗೆ ಊಟ ಮುಗಿಸಿ, ಆಮೇಲೆ ತಿಳಿಸುತ್ತೇವೆಂದು ಎದ್ದರು. ಅಡಿಗಲ್ಲು ಮುಹೂರ್ತಕ್ಕೆ ಸರಿಯಾಗಿಯೇ ಬಿತ್ತು.

ದ್ರೌಪದಿ ಮಾತ್ರ ಹಾರವನ್ನು ನೆಲದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋಗಿದ್ದಳು.

ಮರುದಿನ ಬೆಳಿಗ್ಗೆ ಚನ್ನವ್ವನ ಮನೆಗೆ ಹಾಲು ಬರಲಿಲ್ಲ. ಮೂರು ವರ್ಷದಲ್ಲಿ ಅವಳಿಗೆ ನಾಟಿದ ಮೊದಲ ಔಷಧ ಅದು. ರುಕ್ಮವ್ವ ಮಾತು ಬಿಟ್ಟಿದ್ದಳು. ಚನ್ನವ್ವ ಚಪ್ಪಲಿ ಕೂಡ ಮೆಟ್ಟದೆ ಕೇರಿಯ ದಾರಿ ಹಿಡಿದಳು. ಸಭೆಯಲ್ಲಿ ಹೇಳಿದ್ದು ಅರ್ಧ. ಉಳಿದ ಅರ್ಧವನ್ನು ಹೇಳದಿದ್ದರೆ ತಾನೂ ಒಬ್ಬ ಜ್ಞಾನದೇವ ಮಾಸ್ತರನೇ ಎಂದು ಅವಳಿಗೆ ಅನಿಸಿತ್ತು.

ದ್ರೌಪದಿ ಹೊರಸಿನ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂಡು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಚನ್ನವ್ವ ಅಂಗಳದ ನೆಲದ ಮೇಲೆಯೇ ಕೂತಳು.

"ಮಾವಶೀ, ನಿನ್ನೆ ನಾ ಪೂರಾ ಹೇಳಲಿಲ್ಲ."

ಮೊರ ನಿಂತಿತು.

"ಬಾಲಾ ಕೊಟ್ಟ ಮ್ಯಾಲ ಅಕಿ ಸ್ವಲ್ಪ ದೂರ ಈಸಿದ್ಲು. ಆಮ್ಯಾಲ ಸೋತಳು. ಹಿಂದಿಂದ ಬಂದ ನನ್ನ ಕಾಲ ಹಿಡದ್ಲು. ನಾನೂ ಮುಳಗಾಕತ್ತೆ. ಒದ್ದೆ, ಮಾವಶಿ. ನಾ ಒದ್ದೆ ಅಕಿನ್ನ. ಕೈ ಬಿಟ್ಟಳು."

ಹೇಳಿಬಿಟ್ಟ ಮೇಲೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ದ್ರೌಪದಿ ಮೊರ ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೋಳಿಯೊಂದು ಬಂದು ಮೊರದ ಜೋಳಕ್ಕೆ ಬಾಯಿ ಹಾಕಿತು, ಚನ್ನವ್ವ ಅದನ್ನು ಓಡಿಸಿದಳು. ಮತ್ತೆ ಬಂತು, ಮತ್ತೆ ಓಡಿಸಿದಳು. ಹೊತ್ತು ನೆತ್ತಿಗೇರಿತು. ಎದ್ದು ಹೋಗಬೇಕೆಂದು ಎರಡು ಸಲ ಅಂದುಕೊಂಡಳು. ಆದರೆ ಎದ್ದರೆ ಕೋಳಿ ಜೋಳ ತಿನ್ನುತ್ತದೆ, ಅದೂ ತನ್ನ ಲೆಕ್ಕಕ್ಕೇ ಬರುತ್ತದೆ ಎಂದು ಹೆದರಿ ಅಲ್ಲೇ ಕೂತಳು.

ಬಾಗಿಲು ತೆರೆಯಿತು. ದ್ರೌಪದಿಯ ಕಣ್ಣುಗಳು ಕೆಂಪಗಿದ್ದವು. ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ಚನ್ನವ್ವನ ಮುಂದಿಟ್ಟಳು. ಬಿಸಿಲಲ್ಲಿ ಒಣಗಿದ್ದ ಚನ್ನವ್ವ ಎತ್ತಿ ಗಟಗಟ ಕುಡಿದಳು. ನೀರು ಗದ್ದದಿಂದ ಇಳಿದು ಎದೆಯ ಮೇಲೆ ಚೆಲ್ಲಿತು. ಆ ಮನೆಯ ನೀರು ಕುಡಿದದ್ದಕ್ಕೆ ಊರು ಏನೆಂದೀತು ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

"ನಾ ಆ ಎಮ್ಮೀನ ನೋಡಾಕ ದಿನಾ ಹೋಗತಿದ್ದೆ," ಎಂದಳು ದ್ರೌಪದಿ. "ಮಂದಿ ಭಕ್ತಿ ಅಂದ್ರು. ನಾ ಅದರ ಬಾಲಾ ನೋಡತಿದ್ದೆ. ಇಬ್ಬರಿಗೆ ತಡಿತಿತ್ತೇನು ಅಂತ."

ಚನ್ನವ್ವ ಅಳತೊಡಗಿದಳು.

"ಅಳಬ್ಯಾಡ. ನನಗ ನಿನ್ನ ಮ್ಯಾಲ ಸಿಟ್ಟ ಐತಿ. ನಾಳೇನೂ ಇರತೈತಿ, ಅದು ಎಂದ ಹೊಕ್ಕೈತೋ ನನಗ ಗೊತ್ತಿಲ್ಲ." ದ್ರೌಪದಿ ಅವಳ ಎದುರಿಗೆ ನೆಲಕ್ಕೇ ಕೂತಳು. "ಆದ್ರ ಮೂರ ವರ್ಷ ಆತು ಚನ್ನವ್ವಾ. ಈ ಊರಾಗ ಒಬ್ಬರೂ ನನ್ನ ಮುಂದ ನನ್ನ ಮಗಳ ಹೆಸರ ತಗೀಲಿಲ್ಲ. ಎಮ್ಮಿ ಏನ ತಿಂತು, ಎಮ್ಮಿ ಎಷ್ಟ ಹಾಲ ಕೊಡ್ತು, ಇದ ಮಾತು. ಅಕಿನ್ನ ಕಡೀಕ ನೋಡಿದಾಕಿ ನೀ ಒಬ್ಬಾಕಿ. ನೀನೂ ನನ್ನ ನೋಡಿ ಓಡಿ ಹೋಗತಿದ್ದಿ."

ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅರ್ಧವನ್ನು ಚನ್ನವ್ವನತ್ತ ತಿರುಗಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಹರಳು ಆರಿಸಿದರು.

"ಮೊದಲಿಂದ ಹೇಳು," ಎಂದಳು ದ್ರೌಪದಿ. "ಒದ್ದದ್ದು ಕೇಳಿದೆ, ಅದು ಕಡೀಕ ಬರಲಿ. ಕೊಪ್ಪರಿಗ್ಯಾಗ ಕುಂತಾಗ ಅಕಿ ಏನ ಮಾಡತಿದ್ಲು? ಅಂಜಿದ್ಲೇನು?"

ಚನ್ನವ್ವ ನೆನಪು ಮಾಡಿಕೊಂಡಳು. ಮೂರು ವರ್ಷ ನೀರಿನ ಆಚೆಗೆ ಹೋಗದಿದ್ದ ನೆನಪು ಅಂದು ಮೊದಲ ಸಲ, ಇನ್ನೂ ಯಾರೂ ಒದ್ದೆಯಾಗದಿದ್ದ ಗಳಿಗೆಗೆ ಹೋಯಿತು.

"ಇಲ್ಲ ಮಾವಶಿ, ಅಂಜಿರಲಿಲ್ಲ. ಕೊಪ್ಪರಿಗಿ ಅಂಚಿಗೆ ಹ್ವಾದ ವರ್ಷದ ಬೆಲ್ಲ ಹತ್ತಿತ್ತು. ಉಗರಲೆ ಕೆರಕೊಂಡ ತಿನ್ನಾಕತ್ತಿದ್ಲು. ನನಗೂ ಕೊಟ್ಟಳು."